ಮರಳುಗಾಳಿಗೆ ಕಾಯುವವರು

ಅಕ್ಟೋಬರ್ 22, 1942. ಎಲ್ ಅಲಮೇನ್ ಎದುರು

ಇವತ್ತು ಕಣ್ಣು ಬಿಡಲಿಕ್ಕಾಗುತ್ತಿದೆ. ರೆಪ್ಪೆಗೆ ನೊಣ ಮುತ್ತಿ ಕೀವು ಕಟ್ಟಿತ್ತು. ಗಾಯಾಳುಗಳನ್ನು ನೋಡಿಕೊಳ್ಳುವ ಹೆನ್ನೆಬರ್ಗ್ ಮುಲಾಮು ಹಚ್ಚಿ, "ಕೈಲಿ ಉಜ್ಜಬೇಡ ಮಾರಾಯ. ದನದ ಹಾಗೆ ಕಿವಿ ಆಡಿಸಿ ನೊಣ ಓಡಿಸೋದು ಕಲಿ" ಅಂದ.

ಫಿರಂಗಿಯ ಗುಂಡಿಯನ್ನು ಇನ್ನಷ್ಟು ಆಳ ಮಾಡಿದೆವು. ಮರಳು ಅನ್ನುವುದು ಹೆಸರಿಗೆ ಮಾತ್ರ, ಒಂದು ಮೊಳ ಕೆಳಗೆ ಬರೀ ಬಂಡೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ನಮ್ಮ ಸಾರ್ಜೆಂಟ್ ರಾಷ್ಕೆಯವರು ಅಂಗಿ ಬಿಚ್ಚಿ ನಮ್ಮ ಜೊತೆಗೇ ಅಗೆದರು. ತಮ್ಮ ಪಾಲಿನ ನೀರನ್ನು ಜ್ವರದವನೊಬ್ಬನಿಗೆ ಕೊಟ್ಟರು. ಇಂಥವರ ಕೈಕೆಳಗೆ ಇರುವುದಕ್ಕೆ ಪುಣ್ಯ ಮಾಡಿರಬೇಕು.

ಗುಂಡು ತುಂಬುವ ವೆಂಡೆಲಿನ್‌ನದೊಂದೇ ಕಾಟ. ಕಪ್ಪು ಕಾಡು ಅನ್ನುವ ಸೀಮೆಯ ಯಾವುದೋ ಹಳ್ಳಿಯಲ್ಲಿ ಅವನಪ್ಪ ಹೆಂಡದಂಗಡಿ ಇಟ್ಟಿದ್ದಾನಂತೆ, ಇವನ ನಾಲಿಗೆ ಅಲ್ಲೇ ಬೆಳೆದದ್ದು. ಮಧ್ಯಾಹ್ನ ಇಟಲಿಯವರ ಮಾಂಸದ ಡಬ್ಬಿ ತೆರೆದೆವು. ಅದಕ್ಕೆ ನಾವು ಜರ್ಮನರೆಲ್ಲ "ಮುದುಕ" ಅನ್ನುವುದು. ಇವನು ಡಬ್ಬಿಯನ್ನು ಎತ್ತಿ ಹಿಡಿದು, "ಈ ಮುದುಕನ್ನ ನೋಡ್ರೋ. ನಾವು ಸೋತು ಮನೆಗೆ ಹೋದ್ಮೇಲೂ ಇವನು ಕೆಡದೆ ಇಲ್ಲೇ ಇರ್ತಾನೆ" ಅಂದ. ಇಬ್ಬರು ನಕ್ಕರು. ಇಂಥ ಮಾತು ಭೇದಿಗಿಂತ ಬೇಗ ಹರಡುತ್ತದೆ. ನಾನು ರಾಷ್ಕೆಯವರಿಗೆ ಹೇಳಿದೆ. "ಒಳ್ಳೇದು ಮಾಡಿದೆ ಎವಾಲ್ಡ್. ನೆನಪಿಟ್ಟಿರ್ತೀನಿ" ಅಂದರು.

ಅಕ್ಟೋಬರ್ 25

ಮೂರು ದಿನದ ಮೇಲೆ ಬರೆಯಲು ಕೂತಿದ್ದೇನೆ.

ಮೊನ್ನೆ ರಾತ್ರಿ ಶುರುವಾಯಿತು. ಪೂರ್ವದ ದಿಗಂತ ಪೂರ್ತಿ ಒಮ್ಮೆಲೇ ಹೊತ್ತಿಕೊಂಡಿತು. ಸದ್ದು ಕಿವಿಗೆ ಕೇಳಿಸಲಿಲ್ಲ, ಎದೆಗೆ ಬಡಿಯಿತು. ಬೆಳಗಿನ ಜಾವ ನಾನಿದ್ದ ಕಂದಕದ ಅಂಚು ಕುಸಿಯಿತು. ಬಾಯಿ, ಮೂಗು, ಎಲ್ಲ ಮರಳು. ಕೂಗಲು ಬಾಯಿ ತೆರೆದರೆ ಇನ್ನಷ್ಟು ಮರಳು. ಯಾರೋ ಕಾಲರಿಗೆ ಕೈ ಹಾಕಿ ಎಳೆದರು. ರಾಷ್ಕೆಯವರು. ಸುತ್ತ ಗುಂಡು ಬೀಳುತ್ತಿರುವಾಗ ಬರಿಗೈಲಿ ಬಗೆದು ತೆಗೆದರು. ಉಗುರು ಕಿತ್ತು ರಕ್ತ ಸುರಿಯುತ್ತಿತ್ತು.

ನಾನು ಈ ಮನುಷ್ಯನಿಗೆ ಪ್ರಾಣದ ಋಣಿ. ಇದನ್ನು ಮರೆಯಬಾರದೆಂದೇ ಬರೆದಿಡುತ್ತಿದ್ದೇನೆ.

ನವೆಂಬರ್ 2

ಬೆಳಗಿಂದ ಟ್ಯಾಂಕುಗಳು. ಒಂದನ್ನು ಸುಟ್ಟರೆ ಅದರ ಹೊಗೆಯ ಹಿಂದಿನಿಂದ ಇನ್ನೆರಡು. ವೆಂಡೆಲಿನ್ ಒಂದು ಮಾತೂ ಆಡದೆ ಗುಂಡು ತುಂಬಿದ. ಅವನ ಕೈ ಸುಟ್ಟು ಬೊಬ್ಬೆ ಎದ್ದಿದೆ. ಇವತ್ತು ಫಿರಂಗಿಯ ಪಕ್ಕದಲ್ಲಿ ಉಳಿದವರು ನಾವು ಮೂವರೇ, ರಾಷ್ಕೆಯವರು, ವೆಂಡೆಲಿನ್, ನಾನು. ಉಳಿದವರನ್ನು ಹೂಳಲೂ ಆಗಲಿಲ್ಲ.

ನವೆಂಬರ್ 4

ಹಿಂದಕ್ಕೆ ಹೊರಟಿದ್ದೇವೆ. ಫಿರಂಗಿ ಎಳೆಯಲು ಪೆಟ್ರೋಲ್ ಇಲ್ಲ. ನಾವೇ ಅದರ ಬಾಯಿಗೆ ಮದ್ದು ತುರುಕಿ ಸಿಡಿಸಿದೆವು. ರಾಷ್ಕೆಯವರು ಮುಖ ತಿರುಗಿಸಿ ನಿಂತಿದ್ದರು.

ದಾರಿಯಲ್ಲಿ ನಮ್ಮ ಕಡೆಯವರೇ ಆದ ಇಟಲಿಯವರ ಲಾರಿಯೊಂದು ಸಿಕ್ಕಿತು. ರಾಷ್ಕೆಯವರು ಪಿಸ್ತೂಲು ತೋರಿಸಿ ಎಲ್ಲರನ್ನೂ ಇಳಿಸಿದರು. ನಮ್ಮವರು ಹತ್ತಿದರು. ಲಾರಿ ಹೊರಟಾಗ ಒಬ್ಬ ಇಟಲಿಯವನು ಹಿಂದಿನ ಹಲಗೆ ಹಿಡಿದು ಜೋತುಬಿದ್ದ, ಏನೇನೋ ಬೇಡಿಕೊಂಡ. ನಾನು ಕೋವಿಯ ಹಿಡಿಯಿಂದ ಅವನ ಬೆರಳಿಗೆ ಹೊಡೆದೆ. ಬಿಟ್ಟ. ಬೇರೆ ದಾರಿ ಇರಲಿಲ್ಲ.

ಸಂಜೆಯವರೆಗೂ ವೆಂಡೆಲಿನ್ ನನ್ನ ಪಕ್ಕ ಕೂರಲಿಲ್ಲ. ಕೂರದಿದ್ದರೆ ಬೇಡ.

ನವೆಂಬರ್ 6

ಸೆರೆ ಸಿಕ್ಕಿದ್ದೇವೆ. ಈಗ ಮಳೆ ಹೊಯ್ಯುತ್ತಿದೆ. ಮುಳ್ಳುತಂತಿಯೊಳಗೆ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಈ ನೀರಿನ ಒಂದು ಗುಟುಕಿಗೆ ಪ್ರಾಣ ಕೊಡುತ್ತಿದ್ದೆವು.

ನಿನ್ನೆ ಬೆಳಿಗ್ಗೆಯೇ ಲಾರಿ ಕೆಟ್ಟಿತು. ನಡೆದೆವು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಬಾಯೊಳಗೆ ಮರದ ತುಂಡಾಗಿತ್ತು. ಆಗ ದಿಬ್ಬದ ಮೇಲೆ ಬ್ರಿಟಿಷರ ಉಕ್ಕಿನ ಕಾರುಗಳು ಕಂಡವು. ರಾಷ್ಕೆಯವರು "ಮಲಗಿ, ಗುರಿ ಹಿಡಿಯಿರಿ" ಅಂದರು. ನಮ್ಮ ಹತ್ತಿರ ಇದ್ದದ್ದು ನಾಲ್ಕಾರು ಕೋವಿ. ಅಷ್ಟರಲ್ಲಿ ವೆಂಡೆಲಿನ್ ತನ್ನ ಬನಿಯನ್ ಬಿಚ್ಚಿ ಕೋವಿಯ ತುದಿಗೆ ಸಿಕ್ಕಿಸಿ ಎದ್ದು ನಿಂತುಬಿಟ್ಟ.

"ಕೆಳಗಿಳಿಸೋ ನಾಯಿ!" ರಾಷ್ಕೆಯವರು ಕೂಗಿದರು.

"ತೊಳೆದು ತಿಂಗಳಾಗಿದೆ ಸಾರ್ಜೆಂಟರೇ. ಬಿಳಿ ಅಂತ ಅವರಿಗೆ ಗೊತ್ತಾದ್ರೆ ಅದೇ ಪುಣ್ಯ" ಅಂದ ಇವನು.

ಯಾರೂ ಗುಂಡು ಹಾರಿಸಲಿಲ್ಲ. ನಾಚಿಕೆಗೇಡು. ಆಂಗ್ಲರು ಕೊಟ್ಟ ನೀರನ್ನು ನಾನೂ ಕುಡಿದೆ. ರಾಷ್ಕೆಯವರು ಎಲ್ಲರಿಗಿಂತ ಕೊನೆಗೆ ಕುಡಿದರು. ಆಮೇಲೆ ನನ್ನ ಕಿವಿಯಲ್ಲಿ, "ಆ ಬನಿಯನ್‌ಗೆ ಅವನು ಲೆಕ್ಕ ಒಪ್ಪಿಸಬೇಕಾಗತ್ತೆ" ಅಂದರು. ಸರಿಯಾದ ಮಾತು.

ನವೆಂಬರ್ 20. ಕಾಲುವೆಯ ಹತ್ತಿರದ ಶಿಬಿರ

ಉಪ್ಪುಸರೋವರದ ದಂಡೆ. ಡೇರೆಗಳು, ಸುತ್ತ ಎರಡು ಸುತ್ತು ಮುಳ್ಳುತಂತಿ, ಮೂಲೆಗೊಂದು ಕಾವಲು ಅಟ್ಟಣೆ. ಒಳಬೇಲಿಗಿಂತ ಈಚೆ ಮೊಣಕಾಲೆತ್ತರಕ್ಕೆ ಒಂದೇ ಒಂದು ತಂತಿ ಎಳೆದಿದ್ದಾರೆ. ಅದನ್ನು ದಾಟಿದವನನ್ನು ಕೇಳದೆ ಗುಂಡಿಟ್ಟು ಸುಡುತ್ತಾರೆ.

ಬೇಲಿಯೊಳಗೆ ಆಳ್ವಿಕೆ ನಮ್ಮದೇ. ಮುಖ್ಯಸ್ಥರಾಗಿ ರಾಷ್ಕೆಯವರನ್ನೇ ಆರಿಸಿದೆವು. ಬೆಳಿಗ್ಗೆ ಕವಾಯತು, ಡೇರೆಯ ಹಗ್ಗ ನೆಟ್ಟಗೆ, ಬೂಟು ಚೊಕ್ಕಟ. ನಾವು ಭಿಕ್ಷುಕರಲ್ಲ ಅಂತ ತೋರಿಸುತ್ತಿದ್ದಾರೆ.

ಬ್ರಿಟಿಷರ ದುಭಾಷಿ ಒಬ್ಬ ಯಹೂದಿ. ಕಾಟ್ಸೆನ್‌ಸ್ಟೈನ್ ಅಂತೆ, ಈಗ ಹೈಫಾದವನು. ಹೆಸರು ಬರೆಸಲು ಹೋದರೆ ನನ್ನ ಮಾತು ಕೇಳಿ ತಲೆಯೆತ್ತಿದ. "ಕಾಸೆಲ್‌ನವನಾ? ಯಾವ ಬೀದಿ?" ಅಪ್ಪಟ ನಮ್ಮೂರ ಮಾತು. ಕಸುಬು ಕೇಳಿದ. ಮನೆ ಬೆಚ್ಚಗಿಡುವ ಹೆಂಚಿನ ಒಲೆ ಕಟ್ಟುವವನು ಅಂದೆ. "ನಮ್ಮನೇಲೂ ಹಸಿರು ಹೆಂಚಿನದೊಂದಿತ್ತು. ಚಳಿಗಾಲ ಪೂರ್ತಿ ಅದಕ್ಕೆ ಬೆನ್ನು ಕೊಟ್ಟು ಓದ್ತಿದ್ದೆ" ಅಂದ. ಅಂಥವನ ಬಾಯಲ್ಲಿ ನಮ್ಮೂರ ಮಾತು ಕೇಳಿ ಮೈ ಉರಿಯಿತು.

ಡಿಸೆಂಬರ್ 25

ನನ್ನ ಹೆಂಡತಿ ಇರ್ಮಾ ಈ ಹೊತ್ತಿಗೆ ಅಮ್ಮನ ಮನೆಯಲ್ಲಿರುತ್ತಾಳೆ. ಬರೆಯಲು ಮನಸ್ಸಿಲ್ಲ.

ಜನವರಿ 17, 1943

ಅಡುಗೆಯವರು ಬ್ರೆಡ್ ಸುಡಲು ಒಲೆ ಬೇಕೆಂದರು. ಕಾಲುವೆಯಿಂದ ಜೇಡಿಮಣ್ಣು ತರಿಸಿಕೊಟ್ಟಿದ್ದಾರೆ. ಮಣ್ಣು ತುಳಿಯಲು ನನಗೆ ಕೊಟ್ಟ ಆಳು ಯಾರು? ವೆಂಡೆಲಿನ್. ಅವನಿಗೆ ಅದು ಶಿಕ್ಷೆಯಂತೆ, ಶಿಕ್ಷೆ ಯಾರಿಗೋ ಗೊತ್ತಾಗುತ್ತಿಲ್ಲ.

"ಒಣಹುಲ್ಲು ಇನ್ನೊಂದಿಷ್ಟು ಹಾಕು" ಅಂದೆ.

"ಇಷ್ಟು ಹುಲ್ಲು ಹಾಕಿದ್ರೆ ಬ್ರೆಡ್ ಹೊರಗೆ ಬರುವಾಗ ಅಂಬಾ ಅನ್ನತ್ತೆ."

"ಬಾಯಿ ಮುಚ್ಚಿಕೊಂಡು ತುಳಿ."

"ಬಾಯಿ ಮುಚ್ಚಿದ್ರೆ ನನ್ನ ಕಾಲು ನಿಂತುಹೋಗತ್ತೆ ಎವಾಲ್ಡಣ್ಣ, ಹುಟ್ಟಿದಾಗಿಂದ ಹಂಗೇ."

ನಗು ತಡೆದುಕೊಂಡೆ. ಆದರೆ ಕೆಲಸ ಚೆನ್ನಾಗಿ ಮಾಡುತ್ತಾನೆ. ಮಣ್ಣು ಹದವಾಗಿತ್ತು.

ಫೆಬ್ರುವರಿ 6

ಸ್ಟಾಲಿನ್‌ಗ್ರಾದ್‌ನಲ್ಲಿ ನಮ್ಮ ಇಡೀ ಸೈನ್ಯ ಶರಣಾಯಿತು ಅಂತ ಬ್ರಿಟಿಷರು ಫಲಕಕ್ಕೆ ಹಚ್ಚಿದ್ದಾರೆ. ಕವಾಯತಿನಲ್ಲಿ ರಾಷ್ಕೆ ಎಲ್ಲರ ಮುಂದೆ ಅದನ್ನು ಹರಿದು, "ಇದು ಸುಳ್ಳು. ನಂಬಿದವನು ದ್ರೋಹಿ" ಅಂದರು. ಸಾಲಿನಿಂದ ವೆಂಡೆಲಿನ್‌ನ ದನಿ ಬಂತು. "ನನ್ನ ತಮ್ಮ ಅಲ್ಲಿದಾನೆ ಸಾರ್ಜೆಂಟರೇ. ಸುಳ್ಳಾದ್ರೆ ನನ್ನಷ್ಟು ಖುಷಿಪಡೋರು ಯಾರೂ ಇಲ್ಲ. ಆದ್ರೆ ನಿಜ ಅದು." ಇದರಲ್ಲಿ ತಮಾಷೆ ಇರಲಿಲ್ಲ.

ಅವನು ಸುಮ್ಮನಿರಬೇಕಿತ್ತು. ಯಾಕೆ ಸುಮ್ಮನಿರುವುದಿಲ್ಲ ಇವನು?

ಮಾರ್ಚ್ 12

ನಿನ್ನೆ ಮೊದಲ ಖಮ್ಸಿನ್. ದಕ್ಷಿಣದಿಂದ ಬರುವ ಮರಳುಗಾಳಿಗೆ ಇಲ್ಲಿಯವರು ಇಟ್ಟ ಹೆಸರು. ಹಾಡುಹಗಲೇ ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಚಾಚಿದ ಕೈ ಕಾಣದಂತಾಯಿತು. ಕಾವಲು ಅಟ್ಟಣೆಗಳೂ ಮಾಯ. ಗಾಳಿ ಇಳಿದ ಮೇಲೆ ಬಚ್ಚಲುಮನೆಯ ಹಿಂದೆ ಒಬ್ಬ ಬಿದ್ದಿದ್ದ. ಪಕ್ಕದ ಸಾಲಿನ ಆಸ್ಟ್ರಿಯದವನು. ದವಡೆ ಮುರಿದಿದೆ, ಒಂದು ಕಣ್ಣು ಹೋಗಿದೆ. ಅವನು ದುಭಾಷಿಯ ಹತ್ತಿರ ಪತ್ರಿಕೆ ಇಸಿದುಕೊಂಡಿದ್ದನಂತೆ. ಬ್ರಿಟಿಷರು ಕೇಳಿದರೆ ಜಾರಿಬಿದ್ದೆ ಅಂದ.

ನಮ್ಮ ಜೊತೆಗೇ ಸೆರೆ ಸಿಕ್ಕ ಹೆನ್ನೆಬರ್ಗ್ ಅವನಿಗೆ ಹೊಲಿಗೆ ಹಾಕುತ್ತ ನನ್ನ ಕಡೆ ನೋಡದೆ ಹೇಳಿದ. "ಜಾರಿದವನ ಬೆನ್ನ ಮೇಲೆ ಬೂಟಿನ ಗುರುತು ಇರಲ್ಲ ಕಣಯ್ಯ." ಭೇದಿಯ ಔಷಧಿಗಾಗಿ ಹೆನ್ನೆಬರ್ಗ್ ದಿನಾ ಆಂಗ್ಲ ವೈದ್ಯನ ಹತ್ತಿರ ಹೋಗುತ್ತಾನೆ. ಅದೂ ಕೆಲವರ ಕಣ್ಣಿಗೆ ಬಿದ್ದಿದೆ.

ಶಿಸ್ತು ಬೇಕು, ಒಪ್ಪುತ್ತೇನೆ. ಆದರೆ ಕಣ್ಣು?

ಮಾರ್ಚ್ 28

ಈ ಪುಸ್ತಕವನ್ನು ಇನ್ನು ಮೇಲೆ ಒಲೆಯ ಹಿಂದಿನ ಸಡಿಲ ಇಟ್ಟಿಗೆಯ ಸಂದಿನಲ್ಲಿ ಇಡುತ್ತೇನೆ.

ಮಧ್ಯಾಹ್ನ, ಎಲ್ಲರೂ ಬಿಸಿಲಿಗೆ ಹೆದರಿ ಮಲಗಿದ್ದಾಗ, ರಾಷ್ಕೆ ನನ್ನನ್ನು ಕರೆಸಿದರು. ಡೇರೆಯಲ್ಲಿ ಇನ್ನೂ ನಾಲ್ವರು ಇದ್ದರು. ಗೌರವ ನ್ಯಾಯಾಲಯವಂತೆ. ವೆಂಡೆಲಿನ್ ಬನಿಯನ್ ಎತ್ತಿದ್ದು, ಸ್ಟಾಲಿನ್‌ಗ್ರಾದ್ ಬಗ್ಗೆ ಆಡಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಅಲಮೇನ್‌ನಲ್ಲಿ ಆಡಿದ ಮಾತೂ ಬಂತು, ನಾನೇ ಹೇಳಿದ್ದು.

"ತೀರ್ಪು ಆಗಿದೆ. ಮುಂದಿನ ಗಾಳಿ ಎದ್ದಾಗ ಬಚ್ಚಲುಮನೆಯ ತೊಲೆಗೆ. ತಾನೇ ನೇಣು ಹಾಕ್ಕೊಂಡ ಅಂತ ಬ್ರಿಟಿಷರು ಬರ್ಕೊಳ್ತಾರೆ. ನೀನು ಅವನನ್ನ ಕರ್ಕೊಂಡು ಬರ್ಬೇಕು."

"ನಾನಾ?"

"ಅವನು ನಿನ್ನ ನಂಬ್ತಾನೆ."

ರಾಷ್ಕೆ ನನ್ನ ಹೆಗಲ ಮೇಲೆ ಕೈ ಇಟ್ಟರು. ಉಗುರಿಲ್ಲದ ಬೆರಳುಗಳು. "ಕೈಕಾಲು ಹೋದವರನ್ನ ಮುಂದಿನ ತಿಂಗಳು ಅದಲುಬದಲು ಮಾಡಿ ಊರಿಗೆ ಕಳಿಸ್ತಾರೆ. ಅವರ ಜೊತೆ ಹೆಸರುಗಳೂ ಹೋಗ್ತವೆ. ಯಾರು ಗಟ್ಟಿ ನಿಂತರು, ಯಾರು ಇಲ್ಲ ಅಂತ. ನಿನ್ನ ಇರ್ಮಾ ಯಾವ ಬೀದೀಲಿದಾಳೆ ಅಂತ ನನಗೆ ಗೊತ್ತಲ್ಲ ಎವಾಲ್ಡ್. ಒಳ್ಳೆಯ ಹೆಸರೇ ಹೋಗ್ಲಿ."

ಹೂಂ ಅಂದೆ.

ಮಾರ್ಚ್ 30

ಗಾಳಿ ಇಲ್ಲ. ಒಲೆಯ ಬಾಯಿಗೆ ಎರಡನೆಯ ಲೇಪ ಹಚ್ಚಿದೆವು. ವೆಂಡೆಲಿನ್ ತಮ್ಮನ ಬಗ್ಗೆ ಹೇಳಿದ. ಚಿಕ್ಕವನಿದ್ದಾಗ ಪೀಪಾಯಿಯೊಳಗೆ ಬಚ್ಚಿಟ್ಟುಕೊಂಡು ಹೆಂಡದ ವಾಸನೆಗೇ ಅಮಲೇರಿ ಮಲಗಿಬಿಟ್ಟಿದ್ದನಂತೆ, ಊರೆಲ್ಲ ಹುಡುಕಿದರಂತೆ. ನಾನು ನಕ್ಕೆ. ಆಮೇಲೆ ಅನ್ನ ಇಳಿಯಲಿಲ್ಲ.

ಏಪ್ರಿಲ್ 1

ಗಾಳಿ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರಿಗಿಂತ ಮೊದಲು ದಕ್ಷಿಣಕ್ಕೆ ನೋಡುತ್ತೇನೆ. ಆ ನಾಲ್ವರೂ ಅಲ್ಲಿಗೇ ನೋಡುತ್ತಾರೆ.

ಏಪ್ರಿಲ್ 3

ಸೆಕೆ. ನೊಣಗಳು ಡೇರೆಯೊಳಗೆ ಬಂದು ಕೂತಿವೆ, ಏಳುತ್ತಿಲ್ಲ.

ಏಪ್ರಿಲ್ 6. ಚಿಕ್ಕ ಬೇಲಿ

ಎರಡು ದಿನ ಬರೆಯಲಾಗಲಿಲ್ಲ. ನಡೆದದ್ದು ಹೀಗೆ.

ನಾಲ್ಕನೇ ತಾರೀಕು ಊಟದ ಹೊತ್ತಿಗೆ ದಕ್ಷಿಣ ಹಳದಿಯಾಯಿತು. ನೋಡುತ್ತಿದ್ದಂತೆ ಗೋಡೆಯ ಹಾಗೆ ಎದ್ದು ಬಂತು. ಡೇರೆಯ ಹಗ್ಗಗಳು ಕೊಯ್ಯೆಂದವು. ರಾಷ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ತಲೆಯಾಡಿಸಿ ಬಚ್ಚಲುಮನೆಯ ಕಡೆ ನಡೆದ. ನಾನು ಒಲೆಯ ಹಿಂದಿನಿಂದ ಈ ಪುಸ್ತಕ ತೆಗೆದು ಅಂಗಿಯೊಳಗೆ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆನೋ.

"ವೆಂಡೆಲಿನ್, ಬಾ."

ಅವನು ಕೈಯ ಮಣ್ಣು ಒರೆಸಿಕೊಳ್ಳುತ್ತ ಎದ್ದ. ಧೂಳು ನಮ್ಮನ್ನು ನುಂಗಿತು. ಅವನ ಮಣಿಕಟ್ಟು ಹಿಡಿದುಕೊಂಡೆ.

"ಬಚ್ಚಲುಮನೆಗಾ?" ಅಂತ ಕೇಳಿದ. ದನಿ ಸಣ್ಣಗಿತ್ತು. ಅವನಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ಬಚ್ಚಲುಮನೆ ಎಡಕ್ಕೆ. ನಾನು ಬಲಕ್ಕೆ ತಿರುಗಿದೆ.

"ಎವಾಲ್ಡಣ್ಣ, ಆ ಕಡೆ ಬೇಲಿ. ಸುಡ್ತಾರೆ."

"ಕಂಡ್ರೆ ತಾನೆ ಸುಡೋದು. ನಡಿ."

ಹಿಂದೆ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಇನ್ನೊಂದು ದನಿ, ಹತ್ತಿರದಲ್ಲಿ. ಓಡಿದೆವು. ಮೊಣಕಾಲಿಗೆ ತಂತಿ ತಾಗಿ ಇಬ್ಬರೂ ಮುಗ್ಗರಿಸಿ ಅದರಾಚೆ ಬಿದ್ದೆವು. ಅಟ್ಟಣೆಯ ಮೇಲಿಂದ ಕಾವಲಿನವನು ಏನೋ ಅರಚಿದ. ನನಗೆ ಇಂಗ್ಲಿಷ್ ಬಾರದು. ಅವನಿಗೆ ಅರ್ಥವಾಗುವಂಥ ಒಂದೇ ಶಬ್ದ ನನ್ನ ಬಾಯಲ್ಲಿದ್ದದ್ದು. "ಕಾಟ್ಸೆನ್‌ಸ್ಟೈನ್! ಕಾಟ್ಸೆನ್‌ಸ್ಟೈನ್!" ಗಂಟಲು ಹರಿಯುವ ಹಾಗೆ ಕೂಗಿದೆ. ಗುಂಡು ಹಾರಿತು. ವೆಂಡೆಲಿನ್ "ಅಯ್ಯೋ" ಅಂತ ನನ್ನ ಮೇಲೆ ಕುಸಿದ. ನಾನು ಹೊರಳಿ ಅವನ ಮೇಲೆ ಬೋರಲು ಬಿದ್ದು ಕೂಗುತ್ತಲೇ ಇದ್ದೆ. ಎರಡನೆಯ ಗುಂಡು ಹಾರಲಿಲ್ಲ.

ಗುಂಡು ಅವನ ಮೀನಖಂಡದಲ್ಲಿ ತೂರಿಹೋಗಿದೆ. ಮೂಳೆ ಉಳಿದಿದೆ. ಆಸ್ಪತ್ರೆಗೆ ಒಯ್ಯುವಾಗಲೂ, "ನನ್ನ ಮೇಲೆ ಬೀಳೋ ಮೊದಲು ಸ್ವಲ್ಪ ತೆಳ್ಳಗಾಗಬಾರದಿತ್ತಾ" ಅಂದ.

ನನ್ನನ್ನು ಪಕ್ಕದ ಚಿಕ್ಕ ಬೇಲಿಯೊಳಗೆ ಒಬ್ಬನೇ ಇಟ್ಟಿದ್ದಾರೆ. ಕಾಟ್ಸೆನ್‌ಸ್ಟೈನ್ ಬಂದು ಯಾರು, ಏನು ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ. ವೆಂಡೆಲಿನ್ ಉಳಿದನಲ್ಲ, ಸಾಕು. ಹೆಸರು ಹೇಳಿದರೆ ನನ್ನ ಹೆಸರು ಕಾಸೆಲ್ ಮುಟ್ಟುತ್ತದೆ. ಈಗಾಗಲೇ ಹೊರಟಿದೆಯೋ ಏನೋ.

ಏಪ್ರಿಲ್ 8

ಬೆಳಿಗ್ಗೆ ಕಾಟ್ಸೆನ್‌ಸ್ಟೈನ್ ಮತ್ತೆ ಬಂದರು. ಟೀ ತಂದಿದ್ದರು. ಒತ್ತಾಯ ಮಾಡಲಿಲ್ಲ. ನಾನೇ ಕೇಳಿದೆ.

"ನಿಮ್ಮ ತಂದೆತಾಯಿ ಈಗ ಎಲ್ಲಿದಾರೆ?"

"ಗೊತ್ತಿಲ್ಲ. ನಲವತ್ತೊಂದರ ಚಳಿಗಾಲ ಕಾಸೆಲ್‌ನಿಂದ ರೈಲಿಗೆ ಹತ್ತಿಸಿದರು ಅನ್ನೋವರೆಗೆ ಗೊತ್ತು. ಆಮೇಲೆ ಕಾಗದ ಇಲ್ಲ."

ಆ ಚಳಿಗಾಲ ನಾನು ರಜೆಯ ಮೇಲೆ ಊರಲ್ಲಿದ್ದೆ. ಮೂಟೆ ಹೊತ್ತ ಜನರ ಸಾಲು ಸ್ಟೇಷನ್ನಿನ ಕಡೆ ಹೋದದ್ದನ್ನು ಕೆಲಸದ ಏಣಿಯ ಮೇಲಿಂದ ನೋಡಿದ್ದೆ. ಅವರಿಗೆ ಹೇಳಲಿಲ್ಲ. ಟೀ ಲೋಟ ಕೆಳಗಿಟ್ಟೆ.

"ನನ್ನ ಹೆಂಡತಿ ಅಲ್ಲೇ ಇದಾಳೆ. ಅದಕ್ಕೆ..." ಅಂದೆ.

"ಅರ್ಥವಾಗತ್ತೆ" ಅಂದರು. ಎದ್ದು ಬಾಗಿಲವರೆಗೆ ಹೋದರು.

ಆಗ ಡೇರೆಯ ಬಟ್ಟೆ ಒಳಕ್ಕೆ ಉಬ್ಬಿತು. ಹಗ್ಗ ಕೊಯ್ಯೆಂದಿತು. ಬೆಳಕು ಕೆಂಪಾಯಿತು. ಗಾಳಿಗೆ ಕಾದಿದ್ದವರು ಬರಿಗೈಯಲ್ಲಿ ಉಳಿದಿದ್ದಾರೆ. ಈಗ ಯಾರ ಸರದಿ ಅಂತ ನನಗೆ ಗೊತ್ತಿತ್ತು.

"ಹೆನ್ನೆಬರ್ಗ್!" ಅಂತ ಕಿರುಚಿದೆ. "ಗಾಯಾಳುಗಳನ್ನ ನೋಡ್ಕೊಳ್ಳೋನು. ಬಚ್ಚಲುಮನೆ, ತೊಲೆ ಇರೋ ಕಡೆ. ಈಗಲೇ ಓಡಿ, ಈಗಲೇ!"

ಅವರು ಓಡಿದರು. ಸೀಟಿಗಳು, ಬೂಟಿನ ಸದ್ದು. ನಾನು ಬೇಲಿ ಹಿಡಿದು ಧೂಳಿನಲ್ಲಿ ನಿಂತೆ. ಏನೂ ಕಾಣಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ. ಅಂಗೈ ಮುಳ್ಳಿಗೆ ಹರಿದಿದ್ದು ಆಮೇಲೆ ಗೊತ್ತಾಯಿತು.

ಸಂಜೆ ಕಾಟ್ಸೆನ್‌ಸ್ಟೈನ್ ಬಂದರು. ಹುಬ್ಬು, ರೆಪ್ಪೆ, ಎಲ್ಲ ಧೂಳು. "ಕಾಲು ನೆಲ ಬಿಟ್ಟಿತ್ತು. ನಾವು ಎತ್ತಿ ಹಿಡ್ಕೊಂಡೆವು. ಬದುಕಿದಾನೆ" ಅಂದರು. "ಆದರೆ ದನಿ ಬರ್ತಿಲ್ಲ. ಬರತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಹಗ್ಗ ಹಿಡಿದ ನಾಲ್ವರು ಅಲ್ಲೇ ಸಿಕ್ಕರು. ಹೇಳಿ ಮಾಡಿಸಿದವನು ಯಾರು ಅಂತ ಅವರ್ಯಾರೂ ಬಾಯಿ ಬಿಡ್ತಿಲ್ಲ."

ಎರಡು ದಿನ ಮೊದಲು ಬಾಯಿ ಬಿಟ್ಟಿದ್ದರೆ ಹೆನ್ನೆಬರ್ಗ್‌ನ ದನಿ ಉಳಿಯುತ್ತಿತ್ತು.

ಏಪ್ರಿಲ್ 9

ಕಚೇರಿ ಡೇರೆಗೆ ಕರೆದೊಯ್ದರು. ಮೇಜಿನ ಹಿಂದೆ ಬ್ರಿಟಿಷ್ ಮೇಜರ್, ಪಕ್ಕದಲ್ಲಿ ಕಾಟ್ಸೆನ್‌ಸ್ಟೈನ್ ಅವರು. ರಾಷ್ಕೆಯನ್ನು ಒಳಗೆ ತಂದರು. ಬೂಟು ಥಳಥಳ ಅನ್ನುತ್ತಿತ್ತು. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿದ್ದ. ನನ್ನೆದುರು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಲ್ಲಿಸಿದರು.

ಅವನು ಕಣ್ಣು ಕೆಳಗೆ ಹಾಕಲಿಲ್ಲ. "ಚೆನ್ನಾಗಿದೀಯಾ ಎವಾಲ್ಡ್?" ಅಂದ, ಕವಾಯತಿನಲ್ಲಿ ಕೇಳುವ ಹಾಗೆ. "ಇರ್ಮಾಗೆ ಏನಾದ್ರೂ ಹೇಳಿ ಕಳಿಸೋದಿದ್ರೆ ಈಗಲೇ ಹೇಳಿಬಿಡು. ಊರಿಗೆ ಹೋಗೋರ ಹಡಗು ಈ ವಾರವೇ."

ಮೇಜರ್ ಏನೋ ಕೇಳಿದ. ಕಾಟ್ಸೆನ್‌ಸ್ಟೈನ್ ಅವರು ನಮ್ಮೂರ ಮಾತಿನಲ್ಲಿ ನನಗೆ ತಿಳಿಸಿದರು. "ತೀರ್ಪು ಕೊಟ್ಟವರು, ಕೊಲ್ಲಿ ಅಂತ ಹೇಳಿದವರು, ಈ ಸಾರ್ಜೆಂಟರೇನಾ? ಯೋಚಿಸಿ ಹೇಳಿ. ಹೇಳಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ."

ಇರ್ಮಾಳ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ತೊಲೆಯ ಕೆಳಗೆ ನೆಲ ಬಿಟ್ಟ ಕಾಲುಗಳೇ ಕಂಡವು.

"ಹೌದು," ಅಂದೆ. "ಇವನೇ."